ಬೆಟ್ಟದ ಮೇಲಿನ ರೆಸಾರ್ಟ್‌ಗೆ ವಿದ್ಯುತ್ ವಾಹನ ಹೊಂದುತ್ತದೆಯೇ?

ಪ್ರಶ್ನೆ: ಮಡಿಕೇರಿ ಸಮೀಪದ ನಮ್ಮ ಕಾಫಿ ತೋಟದಲ್ಲಿ ರೆಸಾರ್ಟ್ ಮತ್ತು ಅದಕ್ಕೆ ಹೊಂದಿಕೊಂಡಂತೆ ಮಕ್ಕಳ ಸಾಹಸ ಉದ್ಯಾನ ನಡೆಸುತ್ತಿದ್ದೇವೆ. ಗೇಟಿನಿಂದ ಕಾಟೇಜುಗಳಿಗೆ ಹೋಗುವ ಬಗ್ಗಿಗಳು ಪೆಟ್ರೋಲ್‌ನವು, ಮೈಸೂರು ಮತ್ತು ಮಂಗಳೂರಿನಿಂದ ಅತಿಥಿಗಳನ್ನು ಕರೆತರುವ ಕಾರುಗಳು ಡೀಸೆಲ್‌ನವು. ವಿದೇಶಗಳ ದೊಡ್ಡ ಥೀಮ್ ಪಾರ್ಕ್‌ಗಳಂತೆ ಎಲ್ಲವನ್ನೂ ವಿದ್ಯುತ್ತಿಗೆ ಬದಲಾಯಿಸಬಹುದೇ, ಅಥವಾ ಹೈಡ್ರೋಜನ್‌ಗಾಗಿ ಕಾಯಬೇಕೇ? ಮಳೆಗಾಲದಲ್ಲಿ ದಿನಗಟ್ಟಲೆ ಕರೆಂಟ್ ಇರುವುದಿಲ್ಲ ಎಂಬುದೇ ನಮ್ಮ ಚಿಂತೆ.

ಉತ್ತರ: ಬಗ್ಗಿಗಳನ್ನು ಈಗಲೇ ಬದಲಾಯಿಸಬಹುದು. ಕಾರುಗಳನ್ನು ಒಂದೊಂದಾಗಿ, ಅವು ಓಡುವ ದಾರಿಯನ್ನು ನೋಡಿಕೊಂಡು ಬದಲಾಯಿಸಬೇಕು. ಹೈಡ್ರೋಜನ್‌ಗಾಗಿ ಕಾಯಬೇಕಾಗಿಲ್ಲ, ಅದನ್ನು ತುಂಬಿಸಿಕೊಳ್ಳುವ ವ್ಯವಸ್ಥೆಯೇ ಇಲ್ಲದ ಜಿಲ್ಲೆಯಲ್ಲಿ ಆ ಯೋಚನೆಗೆ ಸದ್ಯ ಅರ್ಥವಿಲ್ಲ.

ಥೀಮ್ ಪಾರ್ಕ್‌ಗಳಿಂದ ಕಲಿಯಬೇಕಾದದ್ದು ಯಾವ ಇಂಧನ ಎಂಬುದಕ್ಕಿಂತ ಹೆಚ್ಚಾಗಿ ಯಾವ ಕೆಲಸಕ್ಕೆ ಯಾವ ಇಂಧನ ಎಂಬುದನ್ನು. ಫ್ಲಾರಿಡಾದ ವಾಲ್ಟ್ ಡಿಸ್ನಿ ವರ್ಲ್ಡ್‌ನಲ್ಲಿ ವಿದ್ಯುತ್ ಮೋನೊರೈಲು 1971ರಲ್ಲಿ ಉದ್ಯಾನ ಆರಂಭವಾದಾಗಿನಿಂದಲೂ ಇದೆ. 2019ರಲ್ಲಿ ಹೋಟೆಲುಗಳನ್ನು ಉದ್ಯಾನಗಳಿಗೆ ಜೋಡಿಸುವ ಕೇಬಲ್ ಕಾರು ಸೇರಿತು. ಕ್ಯಾಲಿಫೋರ್ನಿಯಾದ ಡಿಸ್ನಿಲ್ಯಾಂಡ್‌ನಲ್ಲಿ 1955ರಿಂದ ಓಡುತ್ತಿದ್ದ ಆಟೋಪಿಯಾ ಎಂಬ ಮಕ್ಕಳ ಕಾರುಗಳ ಪೆಟ್ರೋಲ್ ಎಂಜಿನ್ ಕೈಬಿಟ್ಟು ವಿದ್ಯುತ್ತಿಗೆ ಬದಲಾಗುವುದಾಗಿ 2024ರಲ್ಲಿ ಪ್ರಕಟಿಸಲಾಯಿತು. ಇವೆಲ್ಲವೂ ಗೊತ್ತಾದ ದಾರಿಯಲ್ಲಿ, ಗೊತ್ತಾದ ದೂರವನ್ನು ಕ್ರಮಿಸಿ ತಮ್ಮದೇ ಶೆಡ್‌ಗೆ ಮರಳುವ ವಾಹನಗಳು. ನಿಮ್ಮ ಬಗ್ಗಿಗಳೂ ಅಂಥವೇ. ಆದರೆ ಫ್ಲಾರಿಡಾ ಸಮತಟ್ಟಾದ ನಾಡು, ಕೊಡಗು ಹಾಗಲ್ಲ.

ಆದ್ದರಿಂದ ಬಗ್ಗಿಯ ಮಾರಾಟಗಾರರು ಹೇಳುವ ಕಿಲೋಮೀಟರ್ ಲೆಕ್ಕವನ್ನು ನಂಬದೆ, ಗೇಟಿಗೂ ಅತಿ ಎತ್ತರದ ಕಾಟೇಜಿಗೂ ನಡುವಿನ ಏರಿಕೆಯನ್ನು ಮೀಟರುಗಳಲ್ಲಿ ಅಳೆಯಿರಿ. ಜನರೂ ಸೇರಿ ಒಂದು ಟನ್ ತೂಗುವ ಬಗ್ಗಿ 100 ಮೀಟರ್ ಎತ್ತರಕ್ಕೆ ಏರಲು ಸುಮಾರು 0.27 ಯೂನಿಟ್ ಬೇಕು; ಮೋಟಾರು, ಗೇರು, ಕೆಸರಿನ ನಷ್ಟ ಸೇರಿದರೆ ಅದು 0.4 ಯೂನಿಟ್ ಆಗುತ್ತದೆ. ವಾರಾಂತ್ಯದಲ್ಲಿ ದಿನಕ್ಕೆ 20 ಬಾರಿ ಏರಿದರೆ 8 ಯೂನಿಟ್. 48 ವೋಲ್ಟ್, 150 ಆಂಪಿಯರ್-ಅವರ್‌ನ ಲೆಡ್ ಆ್ಯಸಿಡ್ ಬ್ಯಾಟರಿಯಲ್ಲಿರುವುದು 7.2 ಯೂನಿಟ್, ಅದರ ಆಯುಸ್ಸು ಉಳಿಯಬೇಕಾದರೆ ಅರ್ಧದಷ್ಟನ್ನು ಮಾತ್ರ ಬಳಸಬಹುದು. ಅಂದರೆ ಮಧ್ಯಾಹ್ನದ ಊಟದ ಹೊತ್ತಿಗೇ ಬಗ್ಗಿ ನಿಲ್ಲುತ್ತದೆ. ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಯ ಬೆಲೆ ಹೆಚ್ಚಾದರೂ ಅದರ ಶೇ 80ಕ್ಕೂ ಹೆಚ್ಚು ಭಾಗವನ್ನು ನಿಶ್ಚಿಂತೆಯಿಂದ ಬಳಸಬಹುದು. ಅಲ್ಲದೆ ಮಳೆಗಾಲದಲ್ಲಿ ಅತಿಥಿಗಳಿಲ್ಲದೆ ವಾರಗಟ್ಟಲೆ ನಿಂತ ಲೆಡ್ ಆ್ಯಸಿಡ್ ಬ್ಯಾಟರಿ ಚಾರ್ಜ್ ಕಳೆದುಕೊಂಡು ಹಾಳಾಗುತ್ತದೆ. ಲಿಥಿಯಂ ಬ್ಯಾಟರಿಯನ್ನು ಅರ್ಧ ಚಾರ್ಜ್‌ನಲ್ಲಿಟ್ಟು ಹೋದರೆ ಸಾಕು.

ಮೋಟಾರಿನ ಬಗ್ಗೆ ಇನ್ನೂ ಕಟ್ಟುನಿಟ್ಟಾಗಿರಿ. ಅಗ್ಗದ ಬಗ್ಗಿಗಳಲ್ಲಿರುವ ಡಿಸಿ ಸೀರೀಸ್ ಮೋಟಾರು ಇಳಿಜಾರಿನಲ್ಲಿ ವಾಹನವನ್ನು ತಡೆಹಿಡಿಯುವುದಿಲ್ಲ, ಇಡೀ ಭಾರ ಡ್ರಮ್ ಬ್ರೇಕಿನ ಮೇಲೆ ಬೀಳುತ್ತದೆ. ಮಕ್ಕಳನ್ನು ಕೂರಿಸಿಕೊಂಡು ಜೂನ್ ತಿಂಗಳ ಪಾಚಿ ಕಟ್ಟಿದ ರಸ್ತೆಯಲ್ಲಿ ಇಳಿಯುವ ವಾಹನಕ್ಕೆ ಇದು ಸಲ್ಲದು. ಇಳಿಯುವಾಗ ತಾನೇ ವೇಗ ತಗ್ಗಿಸಿ, ಆ ಶಕ್ತಿಯ ಒಂದಂಶವನ್ನು ಬ್ಯಾಟರಿಗೆ ಮರಳಿಸುವ ಎಸಿ ಮೋಟಾರನ್ನೇ ಕೊಳ್ಳಿ. ಇಲ್ಲಿ ಬೆಟ್ಟದ ಮೇಲಿನವರು ಮರೆಯುವ ಒಂದು ಸಂಗತಿ ಇದೆ: ಬ್ಯಾಟರಿ ಪೂರ್ತಿ ತುಂಬಿದ್ದರೆ ಮರಳಿ ಬರುವ ವಿದ್ಯುತ್ತಿಗೆ ಜಾಗವಿರುವುದಿಲ್ಲ, ಆ ತಡೆಯೂ ದುರ್ಬಲವಾಗುತ್ತದೆ. ಚಾರ್ಜಿಂಗ್ ಶೆಡ್ ಮೇಲಿದ್ದು ದಿನದ ಮೊದಲ ಓಟ ಇಳಿಜಾರಿನದಾಗಿದ್ದರೆ ರಾತ್ರಿ ಶೇ 85ಕ್ಕೇ ನಿಲ್ಲಿಸಿ. ಸಾಧ್ಯವಾದರೆ ಶೆಡ್ಡನ್ನು ಗೇಟಿನ ಬಳಿಯೇ ಕಟ್ಟಿ. ಮಂಗಳೂರು ದಾರಿಯ ಸಂಪಾಜೆ ಘಾಟಿ ಇಳಿಯುವ ವಿದ್ಯುತ್ ಕಾರಿಗೂ ಇದೇ ಮಾತು. ಎರಡು ಟನ್ನಿನ ಕಾರು ಮಂಗಳೂರು ಕಡೆಯಿಂದ ಮಡಿಕೇರಿಗೆ ಏರುವಾಗ, ಸುಮಾರು ಸಾವಿರ ಮೀಟರ್ ಏರಿಕೆಗೆಂದೇ ಐದೂವರೆ ಯೂನಿಟ್ ಹೆಚ್ಚಿಗೆ ಬೇಡುತ್ತದೆ. ಏರಿಕೆ ಸೌಮ್ಯವಾಗಿರುವ ಮೈಸೂರು ದಾರಿಯ ಕಾರನ್ನು ಮೊದಲು ಬದಲಾಯಿಸಿ. ಮಂಗಳೂರಿನದು ನಂತರ ಆಗಲಿ.

ಇನ್ನು ಕರೆಂಟಿನ ಪ್ರಶ್ನೆ. ನಿಮ್ಮ ಚಿಂತೆ ಸರಿಯಾದದ್ದೇ, ನನ್ನ ದೃಷ್ಟಿಯಲ್ಲಿ ಇಡೀ ಯೋಜನೆ ನಿಂತಿರುವುದು ಇದರ ಮೇಲೆಯೇ. ಡೀಸೆಲ್ ಜನರೇಟರ್ ಒಂದು ಲೀಟರಿಗೆ ಹೆಚ್ಚುಕಡಿಮೆ 3 ಯೂನಿಟ್ ಕೊಡುತ್ತದೆ. ಕಿಲೋಮೀಟರಿಗೆ 0.15 ಯೂನಿಟ್ ಬಳಸುವ ಕಾರು ಅದರಿಂದ ಹೆಚ್ಚೆಂದರೆ 20 ಕಿಲೋಮೀಟರ್ ಓಡುತ್ತದೆ, ಅಂದರೆ ಅದೇ ಲೀಟರನ್ನು ಡೀಸೆಲ್ ಕಾರಿಗೆ ಹಾಕಿದಷ್ಟೇ ಫಲ. ಜನರೇಟರ್‌ನಿಂದ ಚಾರ್ಜ್ ಮಾಡುವುದೆಂದರೆ ಹೊಗೆಯನ್ನು ಗೇಟಿನಿಂದ ಅಡುಗೆಮನೆಯ ಹಿಂದಕ್ಕೆ ಸಾಗಿಸಿದಂತೆ. ಸೌರಫಲಕಗಳು ನವೆಂಬರಿನಿಂದ ಮೇ ತಿಂಗಳವರೆಗೆ ಚೆನ್ನಾಗಿ ದುಡಿಯುತ್ತವೆ, ಮರ ಬಿದ್ದು ತಂತಿ ಹರಿಯುವ ಜುಲೈ ಆಗಸ್ಟ್‌ನಲ್ಲಿ ಅವುಗಳ ಮೇಲೆ ಹೆಚ್ಚು ಭರವಸೆ ಇಡಲಾಗದು.

ಆದರೆ ಅದೇ ತಿಂಗಳುಗಳಲ್ಲಿ ನಿಮ್ಮ ತೋಟದ ತೋಡು ತುಂಬಿ ಹರಿಯುತ್ತಿರುತ್ತದೆ. ಸೆಕೆಂಡಿಗೆ 10 ಲೀಟರ್ ನೀರು ಪೈಪಿನಲ್ಲಿ 20 ಮೀಟರ್ ಕೆಳಗಿಳಿದರೆ ಅದರಲ್ಲಿ ಸುಮಾರು 2 ಕಿಲೋವ್ಯಾಟ್ ಶಕ್ತಿ ಇರುತ್ತದೆ. ಸಣ್ಣ ಟರ್ಬೈನ್ ಅರ್ಧವನ್ನು ಹಿಡಿದುಕೊಟ್ಟರೂ ಹಗಲು ರಾತ್ರಿ ಸೇರಿ ದಿನಕ್ಕೆ 24 ಯೂನಿಟ್. ಮೇಲಿನ ಲೆಕ್ಕದ ಮೂರು ಬಗ್ಗಿಗಳ ವಾರಾಂತ್ಯದ ದುಡಿಮೆಗೆ ಇದು ಸಾಕಾಗುತ್ತದೆ. ಪಶ್ಚಿಮ ಘಟ್ಟದ ಅನೇಕ ಮನೆಗಳು ಇಂಥ ಪುಟ್ಟ ಜಲವಿದ್ಯುತ್ ಘಟಕಗಳಿಂದಲೇ ದೀಪ ಹಚ್ಚಿಕೊಂಡಿವೆ. ಕರೆಂಟ್ ಹೋಗುವ ಕಾಲವೂ ನೀರು ಉಕ್ಕುವ ಕಾಲವೂ ಒಂದೇ ಆಗಿರುವ ನಾಡಿನಲ್ಲಿ ಈ ದಾರಿಯನ್ನು ಪರಿಶೀಲಿಸದೆ ಇನ್ನೊಂದು ಜನರೇಟರ್ ಕೊಳ್ಳಬೇಡಿ ಎಂದು ಒತ್ತಿ ಹೇಳುತ್ತೇನೆ. ಕೆಳಗಿನ ಗದ್ದೆಯವರ ನೀರಿಗೆ ತೊಂದರೆಯಾಗದಂತೆ, ಟರ್ಬೈನ್ ದಾಟಿದ ನೀರನ್ನು ಅದೇ ತೋಡಿಗೆ ಮರಳಿಸಬೇಕು.

ಕೆಲವು ಸಣ್ಣ ವಿಷಯಗಳು. ತೋಟದ ಪಂಪ್‌ಸೆಟ್ ಸಂಪರ್ಕದಿಂದ ಚಾರ್ಜ್ ಮಾಡಬೇಡಿ; ವಾಹನ ಚಾರ್ಜಿಂಗ್‌ಗೆ ಪ್ರತ್ಯೇಕ ದರ ವರ್ಗವಿದೆ, ಮಂಜೂರಾದ ಲೋಡ್ ಸಾಲದಿದ್ದರೆ ಹೆಚ್ಚಿಸಿಕೊಳ್ಳಬೇಕು. ಸಿಡಿಲಿನ ಏಪ್ರಿಲ್ ಮೇ ತಿಂಗಳಿಗಾಗಿ ಸರ್ಜ್ ರಕ್ಷಕವನ್ನೂ, ಮಳೆಗಾಗಿ ಕರೆಂಟ್ ಸೋರಿದೊಡನೆ ಸಂಪರ್ಕ ಕಡಿಯುವ ಆರ್‌ಸಿಸಿಬಿಯನ್ನೂ, ಒಳ್ಳೆಯ ಅರ್ಥಿಂಗನ್ನೂ ಹಾಕಿಸಿ. ನೋಂದಣಿ ಇಲ್ಲದ ಬಗ್ಗಿ ಸಾರ್ವಜನಿಕ ರಸ್ತೆಗೆ ಇಳಿಯಬಾರದು, ಪಕ್ಕದ ಜಲಪಾತದವರೆಗೂ ಕೂಡ. ಆನೆ ಓಡಾಡುವ ತೋಟವಾದರೆ, ಸದ್ದಿಲ್ಲದ ವಾಹನ ತಿರುವಿನಲ್ಲಿ ಹಠಾತ್ತನೆ ಆನೆಯ ಎದುರಿಗೆ ಹೋಗಿ ನಿಲ್ಲಬಹುದು. ಮುಸ್ಸಂಜೆಯ ನಂತರದ ಓಡಾಟವನ್ನು ನಿಲ್ಲಿಸಿ.

ಪ್ರಶ್ನೆ: ಮಡಿಕೇರಿ ಬಳಿಯ ಮಾಂದಲಪಟ್ಟಿ ಬೆಟ್ಟಕ್ಕೆ ಜೀಪು ಓಡಿಸುತ್ತೇನೆ. ಡಿಸ್ನಿಲ್ಯಾಂಡ್‌ನ ರೈಲು ಹೋಟೆಲಿನ ಕರಿದ ಎಣ್ಣೆಯಲ್ಲಿ ಓಡುತ್ತದಂತೆ. ನನ್ನ ಜೀಪಿಗೂ ರೆಸಾರ್ಟ್‌ಗಳ ಎಣ್ಣೆ ಸೋಸಿ ಹಾಕಬಹುದೇ?

ಉತ್ತರ: ಸೋಸಿ ಹಾಕುವುದು ಬೇಡವೇ ಬೇಡ. ಅಲ್ಲಿನ ಉಗಿ ಎಂಜಿನ್‌ಗಳು ಬಳಸುವುದು ಉದ್ಯಾನದ ಅಡುಗೆಮನೆಗಳ ಎಣ್ಣೆಯಿಂದ ತಯಾರಾದ ಬಯೋಡೀಸೆಲ್ ಅನ್ನು, ಅದೂ ಬಾಯ್ಲರಿನ ಕೆಳಗಿನ ಬೆಂಕಿಗೆ. ಒಲೆಯಲ್ಲಿ ಉರಿಯುವ ಎಣ್ಣೆಗೂ ಸೂಕ್ಷ್ಮ ಇಂಜೆಕ್ಟರಿನ ಮೂಲಕ ಸಾಗಬೇಕಾದ ಎಣ್ಣೆಗೂ ಬಹಳ ವ್ಯತ್ಯಾಸವಿದೆ. ಸಂಸ್ಕರಿಸದ ಎಣ್ಣೆ ದಪ್ಪಗಿದ್ದು ಇಂಜೆಕ್ಟರಿನಲ್ಲಿ ಮಸಿ ಕಟ್ಟುತ್ತದೆ. ಸರಿಯಾಗಿ ತಯಾರಿಸಿದರೂ, ನಮ್ಮ ಹೋಟೆಲುಗಳು ಹೆಚ್ಚಾಗಿ ಬಳಸುವ ಪಾಮ್ ಎಣ್ಣೆಯ ಬಯೋಡೀಸೆಲ್ ಸುಮಾರು 15 ಡಿಗ್ರಿಯ ಆಸುಪಾಸಿನಲ್ಲೇ ಮಬ್ಬಾಗಿ ಹೆಪ್ಪುಗಟ್ಟತೊಡಗುತ್ತದೆ. ಸೂರ್ಯೋದಯ ನೋಡಲು ಡಿಸೆಂಬರಿನ ನಸುಕಿನಲ್ಲಿ ಏರುವ ಜೀಪಿನ ಫಿಲ್ಟರ್ ಅರ್ಧ ದಾರಿಯಲ್ಲೇ ಕಟ್ಟಿಕೊಳ್ಳಬಹುದು. ಪ್ರಮಾಣೀಕೃತ ಬಯೋಡೀಸೆಲನ್ನು ಡೀಸೆಲ್‌ಗೆ ಅಲ್ಪ ಪ್ರಮಾಣದಲ್ಲಿ ಬೆರೆಸಿ ಮಾರುವ ಇಂಧನದಿಂದ ಈ ತೊಂದರೆ ಕಡಿಮೆ. ಇನ್ನು ರೆಸಾರ್ಟ್‌ಗಳ ಎಣ್ಣೆಯ ವಿಚಾರ: ಆಹಾರ ಸುರಕ್ಷತಾ ಪ್ರಾಧಿಕಾರವು 2018ರಲ್ಲಿ ಆರಂಭಿಸಿದ ರುಕೋ ಯೋಜನೆಯಡಿ ಅದು ಅಧಿಕೃತ ಸಂಗ್ರಾಹಕರಿಗೆ ಹೋಗಿ ಕಾರ್ಖಾನೆಯಲ್ಲಿ ಬಯೋಡೀಸೆಲ್ ಆಗಬೇಕಾದದ್ದು. ಮಾಂದಲಪಟ್ಟಿಯಂಥ ಕಲ್ಲು ಕೆಸರಿನ ಕಡಿದಾದ ಹಾದಿಗೆ, ನಿಮಗೆ ಕೈಗೆಟಕುವ ಬೆಲೆಯಲ್ಲಿ, ವಿದ್ಯುತ್ ಜೀಪನ್ನೂ ನಾನು ಇಂದು ಸೂಚಿಸಲಾರೆ. ಸದ್ಯಕ್ಕೆ ಇಂಜೆಕ್ಟರ್, ಏರ್ ಫಿಲ್ಟರ್‌ಗಳನ್ನು ಶುಚಿಯಾಗಿಟ್ಟು, ಪ್ರವಾಸಿಗರು ಇಳಿದು ನೋಡುವಷ್ಟು ಹೊತ್ತೂ ಎಂಜಿನ್ ಆರಿಸಿಡಿ.