ಹೊಲಿಗೆ ಕೋಣೆಯ ದೊಡ್ಡ ಕಿಟಕಿಗೆ ಎಂಥ ಪರದೆ?

ಪ್ರಶ್ನೆ: ಹುಬ್ಬಳ್ಳಿ ವಿದ್ಯಾನಗರದಾಗ ನಮ್ಮ ಮನಿ. ಮ್ಯಾಲಿನ ಹೊಲಿಗಿ ಖೋಲಿಗೆ ಪಶ್ಚಿಮಕ್ಕ 8 ಅಡಿ ಅಗಲ, 5 ಅಡಿ ಎತ್ತರದ ಕಿಡಕಿ ಐತಿ. ಮಧ್ಯಾಹ್ನ 3 ಗಂಟೆ ಆತಂದ್ರ ಮಷೀನಿನ ಮುಂದ ಕೂಡ್ರಾಕ ಆಗೂದಿಲ್ಲ. ಅಂಗಡಿಯವ್ರು ಬ್ಲ್ಯಾಕೌಟ್ ಹಾಕ್ರಿ ಅಂತಾರ. ಹಾಕಿದ್ರ ಹಗಲಿನ್ಯಾಗ ಲೈಟ್ ಹಚ್ಚಬೇಕಾಗತೈತಿ. ಏನ್ ಮಾಡೂದು?

ಉತ್ತರ: ಬ್ಲ್ಯಾಕೌಟ್ ಮಲಗುವ ಕೋಣೆಗೆ ಸರಿ, ಹೊಲಿಗೆ ಕೋಣೆಗೆ ಬೇಡವೇ ಬೇಡ. ನಿಮಗೆ ಬೇಕಾದದ್ದು ಬಿಸಿಲನ್ನು ಸೋಸಿ ಕೋಣೆ ತುಂಬ ಹರಡುವ ಪರದೆ. ಎರಡು ಪದರ ಹಾಕಿ. ಗಾಜಿನ ಕಡೆಗೆ ತೆಳುವಾದ ಹತ್ತಿ ವಾಯ್ಲ್ ಅಥವಾ ಮಲ್‌ಮಲ್ ಇರಲಿ. ಅದು ದಿನವಿಡೀ ಎಳೆದೇ ಇರುತ್ತದೆ. ಒಳಗಡೆ ದಪ್ಪ ಕೋರಾ (ಬಿಳುಪು ಮಾಡದ) ಹತ್ತಿ ಬಟ್ಟೆ. ಅದನ್ನು 3 ಗಂಟೆಯಿಂದ ಹೊತ್ತು ಮುಳುಗುವ ತನಕ ಎಳೆದರೆ ಸಾಕು. ಹೊಳೆಯುವ ಪಾಲಿಯೆಸ್ಟರ್ ನೆಟ್ ಬೇಡ, ಇಳಿಬಿಸಿಲು ಬಿದ್ದಾಗ ಅದೇ ಕಣ್ಣಿಗೆ ಕುಕ್ಕುತ್ತದೆ.

ಎರಡೂ ಬಿಳಿ ಅಥವಾ ಕೆನೆ ಬಣ್ಣದವೇ ಆಗಿರಲಿ. ಇದರಲ್ಲಿ ರಾಜಿ ಮಾಡಿಕೊಳ್ಳಬೇಡಿ. ಕೆಂಪು ಅಥವಾ ಇಟ್ಟಿಗೆ ಬಣ್ಣದ ಪರದೆಯ ಹಿಂದಿನಿಂದ ಬೆಳಕು ಬಂದಾಗ ಒಂದು ಕೆನೆ ಬಣ್ಣದ ರೀಲು ಕೈಯಲ್ಲಿ ಹಿಡಿದು ನೋಡಿ: ನಸುಗೆಂಪು ಬಣ್ಣಕ್ಕೆ ತಿರುಗಿರುತ್ತದೆ. ಆ ಬೆಳಕಿನಲ್ಲಿ ದಾರ ಹೊಂದಿಸಿ ಫಾಲ್ ಹಚ್ಚಿದ ಸೀರೆ ಅಂಗಳಕ್ಕೆ ಬಂದ ಕೂಡಲೇ ಹೊಲಿಗೆ ಬೇರೆ, ಸೀರೆ ಬೇರೆ ಕಾಣುತ್ತದೆ. ಕಸೂತಿ ಹಾಕುವವರಿಗಂತೂ ಬೆಳಕೇ ಬಂಡವಾಳ. ಗವಂತಿ, ಮುರಗಿ ಎಂಬ ಕಸೂತಿ ಹೊಲಿಗೆಗಳಿಗೆ ಗುರುತು ಹಾಕಿಕೊಳ್ಳದೆ ಬಟ್ಟೆಯ ಎಳೆ ಎಣಿಸಿಯೇ ಸೂಜಿ ಚುಚ್ಚಬೇಕು. ಕಪ್ಪು ಚಂದ್ರಕಾಳಿ ಸೀರೆಯ ಎಳೆ ಮಸುಕು ಬೆಳಕಿನಲ್ಲಿ ಕಾಣುವುದೇ ಇಲ್ಲ.

ಇನ್ನು ಸೆಕೆ. ಗಾಜು ದಾಟಿ ಒಳಬಂದ ಬಿಸಿಲನ್ನು ಪರದೆ ಪೂರ್ತಿ ಹೊರಹಾಕಲಾರದು. ಪರದೆಯೇ ಕಾದು ಕೋಣೆಗೆ ಬಿಸಿ ಬಿಡುತ್ತದೆ. ಅದಕ್ಕೇ ಫೆಬ್ರುವರಿಯಿಂದ ಮೇ ತನಕ ಛಜ್ಜಾದ ಕೆಳಗೆ, ಗಾಜಿನ ಹೊರಗೆ, ಬಿದಿರು ಕಡ್ಡಿಯ ಪರದೆ (ಚಿಕ್) ಇಳಿಬಿಡಿ. ಮಳೆಗಾಲದ ಗಾಳಿಯೂ ಪಶ್ಚಿಮದಿಂದಲೇ ಬೀಸುವುದರಿಂದ ಜೂನಿಗೆ ಮೊದಲು ಅದನ್ನು ಬಿಚ್ಚಿ ಒಣ ಜಾಗದಲ್ಲಿಡಿ. ಇಲ್ಲದಿದ್ದರೆ ಹಗ್ಗ ಕೊಳೆತು ಕಡ್ಡಿಗಳು ಉದುರುತ್ತವೆ.

ಮಷೀನನ್ನು ಕಿಟಕಿಗೆ ಎದುರಾಗಿ ಇಟ್ಟಿದ್ದರೆ ತಿರುಗಿಸಿ. ಕಿಟಕಿ ನಿಮ್ಮ ಎಡಕ್ಕೆ ಬರಬೇಕು. ಮಷೀನಿನ ಕಂಬ ಬಲಕ್ಕಿರುವುದರಿಂದ ಎಡದ ಬೆಳಕು ಅಡ್ಡಿಯಿಲ್ಲದೆ ಸೂಜಿಯ ಬುಡಕ್ಕೆ ಬೀಳುತ್ತದೆ. ಕಿಟಕಿಗೆ ಬೆನ್ನು ಹಾಕಿದರೆ ನಿಮ್ಮ ನೆರಳೇ ಬಟ್ಟೆಯ ಮೇಲೆ.

ಪ್ರಶ್ನೆ: ಇಷ್ಟೇ ಅಳತೆಯ ಕಿಟಕಿ ಹಾವೇರಿಯ ನಮ್ಮ ಮನೆಯಲ್ಲೂ ಇದೆ. ಪರದೆ ನಾನೇ ಹೊಲಿಯುತ್ತೇನೆ. ಬಟ್ಟೆ ಎಷ್ಟು ತರಬೇಕು? ಹೋದ ಸಲದ ಪರದೆ ಒಗೆದ ಮೇಲೆ ಗೇಣುದ್ದ ಮೇಲೇರಿತು, ಅಂಚೆಲ್ಲ ಸುಕ್ಕಾಯಿತು.

ಉತ್ತರ: ಮೊದಲು ರಾಡಿನ ಲೆಕ್ಕ. ಕಿಟಕಿಯ ಅಗಲ 96 ಇಂಚು; ಎರಡೂ ಬದಿ 8 ಇಂಚು ಹೆಚ್ಚು ಬಿಟ್ಟರೆ 112. ಹೀಗೆ ಬಿಟ್ಟರೆ ಸರಿಸಿದ ಪರದೆ ಗೋಡೆಯ ಮೇಲೆ ನಿಲ್ಲುತ್ತದೆ, ಗಾಜು ಪೂರ್ತಿ ತೆರೆಯುತ್ತದೆ. ರಾಡ್ ಕಿಟಕಿಗಿಂತ 6 ಇಂಚು ಮೇಲಿರಲಿ.

54 ಇಂಚು ಪನ್ನದ (ಅಗಲದ) ಬಟ್ಟೆಯಲ್ಲಿ ನಾಲ್ಕು ತುಂಡು ಕತ್ತರಿಸಿ, ಎರಡೆರಡು ಜೋಡಿಸಿ. ಜೋಡಣೆ, ಬದಿಯ ಮಡಿಕೆ ಕಳೆದರೆ ಒಂದೊಂದು ಪರದೆ ಸುಮಾರು 102 ಇಂಚು ಉಳಿಯುತ್ತದೆ. ಎರಡೂ ಸೇರಿ ರಾಡಿನ 1.8 ಪಟ್ಟು. ದಪ್ಪ ಹತ್ತಿಗೆ ಇಷ್ಟು ನಿರಿಗೆ ಧಾರಾಳ. ತೆಳು ವಾಯ್ಲ್‌ಗೆ ಐದು ತುಂಡು ಬೇಕು, ಇಲ್ಲದಿದ್ದರೆ ಬೆಡ್‌ಶೀಟ್ ಕಟ್ಟಿದಂತೆ ಕಾಣುತ್ತದೆ.

ಉದ್ದ: ರಾಡಿನಿಂದ ಕಿಟಕಿಯ ಕಟ್ಟೆಗೆ 66 ಇಂಚು, ಅದರಲ್ಲಿ ಅರ್ಧ ಇಂಚು ಕಡಿಮೆ ಮಾಡಿ. ಕೆಳಗೆ ಮೇಜು, ಮಷೀನು ಇರುವ ಕಡೆ ನೆಲ ಮುಟ್ಟುವ ಪರದೆ ಗಾಳಿಗೆ ಹಾರಿ ಚಕ್ರದ ಬೆಲ್ಟಿಗೆ ಸಿಕ್ಕುತ್ತದೆ, ಎಣ್ಣೆ ಹತ್ತುತ್ತದೆ. ಮೇಲೆ 4 ಇಂಚಿನ ಎರಡು ಮಡಿಕೆ, ಕೆಳಗೂ ಅಷ್ಟೇ. ಒಂದು ತುಂಡಿಗೆ 82 ಇಂಚು ಬೇಕು. ಕೋರಾ ಹತ್ತಿ ಶೇ. 10ರವರೆಗೆ ಕುಗ್ಗಬಹುದು, ಅದಕ್ಕೆ ನಾಲ್ಕು ತುಂಡಿಗೆ 9.5 ಮೀಟರ್ ತನ್ನಿ. ಪ್ರಿಂಟ್ ಇದ್ದರೆ ಪ್ರತಿ ತುಂಡಿಗೂ ಒಂದೊಂದು ವಿನ್ಯಾಸದ ಉದ್ದ ಹೆಚ್ಚು ತನ್ನಿ.

ನಿಮ್ಮ ಹಳೆಯ ಪರದೆ ಮೇಲೇರಿದ್ದು ಬಟ್ಟೆ ನೆನೆಸದೆ ಕತ್ತರಿಸಿದ್ದಕ್ಕೆ. ಇಡೀ ಬಟ್ಟೆಯನ್ನು ರಾತ್ರಿ ನೀರಲ್ಲಿ ನೆನೆಹಾಕಿ, ಹಿಂಡದೆ ಒಣಗಿಸಿ, ಸ್ವಲ್ಪ ಹಸಿ ಇರುವಾಗಲೇ ಇಸ್ತ್ರಿ ಮಾಡಿ, ಆಮೇಲೆ ಕತ್ತರಿ ಹಿಡಿಯಿರಿ. ಅಂಚು ಸುಕ್ಕಾದದ್ದು ಬಟ್ಟೆಯ ಗಟ್ಟಿ ಕೋರನ್ನು (ನೇಯ್ದ ಅಂಚಿನ ಪಟ್ಟಿಯನ್ನು) ಹಾಗೇ ಮಡಿಚಿದ್ದರಿಂದ. ನೇಯ್ಗೆ ಅಲ್ಲಿ ಬಿಗಿ. ಒಗೆದಾಗ ಉಳಿದ ಬಟ್ಟೆಗಿಂತ ಹೆಚ್ಚು ಎಳೆದುಕೊಳ್ಳುತ್ತದೆ. ಕೋರು ಕತ್ತರಿಸಿ ತೆಗೆಯಿರಿ. ವಾಯ್ಲ್‌ಗೆ 11ನೇ ನಂಬರ್ ಸೂಜಿ, ದಪ್ಪ ಹತ್ತಿಗೆ 14. ದಾರ ಪಾಲಿಯೆಸ್ಟರ್ ಇರಲಿ, ಹತ್ತಿ ದಾರ ಬಿಸಿಲಿಗೆ ಬೇಗ ಮುರುಕಲಾಗುತ್ತದೆ.

ಬಟ್ಟೆಯಲ್ಲೇ ಕೂರಿಸುವ ರಿಂಗ್ ಹಾಕುವುದಾದರೆ ಪ್ರತಿ ಪರದೆಗೂ ಸಮಸಂಖ್ಯೆ, ಇಲ್ಲಿ 16. ಬೆಸಸಂಖ್ಯೆ ಆದರೆ ಒಂದು ಅಂಚು ಗೋಡೆ ಕಡೆಗೆ, ಇನ್ನೊಂದು ಕೋಣೆ ಕಡೆಗೆ ತಿರುಗುತ್ತದೆ. ಇಷ್ಟುದ್ದದ ರಾಡಿಗೆ ನಟ್ಟನಡುವೆಯೂ ಒಂದು ಬ್ರ್ಯಾಕೆಟ್ ಬೇಕು. ಪರದೆ ಎರಡಿರುವುದರಿಂದ ಅದು ಅಡ್ಡ ಬರುವುದಿಲ್ಲ.

ಪ್ರಶ್ನೆ: ಧಾರವಾಡದಲ್ಲಿ ಕಿಟಕಿಯ ಹೊರಗೆ ಹಸಿರು ಶೇಡ್‌ನೆಟ್ ಕಟ್ಟಿದ್ದೇವೆ. ತಂಪೇನೋ ಇದೆ. ಇದೇ ಸಾಕಲ್ಲವೇ?

ಉತ್ತರ: ಗಿಡಕ್ಕೆ ಸಾಕು. ಹೊಲಿಯುವವರಿಗೆ ಕೋಣೆಯೆಲ್ಲ ಹಸಿರಾಗಿ, ಗುಲಾಬಿ ಬೂದಿಯಂತೆ, ಬಿಳಿ ಪಾಚಿಯಂತೆ ಕಾಣುತ್ತದೆ. ಬಿಳಿ ನೆಟ್ ಸಿಗುತ್ತದೆ, ಬದಲಿಸಿ.

ಪ್ರಶ್ನೆ: ಗದಗ-ಬೆಟಗೇರಿಯಲ್ಲಿ ಉತ್ತರಕ್ಕೆ 9 ಅಡಿ ಕಿಟಕಿ. ಉತ್ತರಕ್ಕೆ ಬಿಸಿಲು ಬರುವುದಿಲ್ಲವೆಂದು ಬಟ್ಟೆಯ ಥಾನುಗಳನ್ನು ಕಿಟಕಿಯ ಹತ್ತಿರವೇ ಇಟ್ಟಿದ್ದೆ, ಮಡಿಕೆಗಳು ಬಣ್ಣ ಬಿಟ್ಟಿವೆ. ರೋಲರ್ ಬ್ಲೈಂಡ್ ಒಂದೇ ಅಗಲಕ್ಕೆ ಹಾಕಿಸಬಹುದೇ?

ಉತ್ತರ: ನಮ್ಮ ಕಡೆ ಏಪ್ರಿಲ್ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ ಸೂರ್ಯ ಮಧ್ಯಾಹ್ನ ನೆತ್ತಿಯಿಂದ ಉತ್ತರಕ್ಕೆ ವಾಲಿರುತ್ತಾನೆ. ಮೇ, ಜೂನ್‌ನಲ್ಲಿ ಬೆಳಿಗ್ಗೆ, ಸಂಜೆ ಉತ್ತರದ ಕಿಟಕಿಗೂ ಓರೆ ಬಿಸಿಲು ಬೀಳುತ್ತದೆ. ನೇರ ಬಿಸಿಲು ಇಲ್ಲದಾಗಲೂ ಬಯಲಿನ ಬೆಳಕು ಇದ್ದೇ ಇದೆ, ಬಣ್ಣ ಕೆಡಿಸುವ ಕಿರಣಗಳಲ್ಲಿ ಬಹುಪಾಲು ಮುಚ್ಚಿದ ಮಾಮೂಲಿ ಗಾಜನ್ನೂ ದಾಟುತ್ತವೆ. ಥಾನುಗಳನ್ನು ಬಾಗಿಲಿರುವ ಕಪಾಟಿಗೆ ಸೇರಿಸಿ, ರೇಷ್ಮೆಯನ್ನು ಮೊದಲು.

ಒಂದೇ ರೋಲರ್ ಬೇಡ. 9 ಅಡಿಯ ಕೊಳವೆ ತನ್ನ ಭಾರಕ್ಕೇ ನಡುವೆ ಬಾಗಿ ಬಟ್ಟೆಯಲ್ಲಿ ಓರೆ ಸುಕ್ಕು ಬೀಳುತ್ತದೆ, ಸುತ್ತುವಾಗ ಒಂದು ಬದಿಗೆ ಸರಿದು ಅಂಚು ಸವೆಯುತ್ತದೆ. 3 ಅಡಿಯ ಮೂರು ಹಾಕಿಸಿ. ಕತ್ತರಿಸುವ ಮೇಜಿನ ಕಡೆಯದನ್ನು ಮಾತ್ರ ಏರಿಸಿ ಕೆಲಸ ಮಾಡಬಹುದು. ಎರಡು ಬ್ಲೈಂಡ್‌ಗಳ ನಡುವೆ ಬೆಳಕಿನ ಗೆರೆ ಬೀಳುತ್ತದೆ, ಆ ಸಂದು ಕಿಟಕಿಯ ಚೌಕಟ್ಟಿನ ಕಂಬದ ಮೇಲೆ ಬರುವಂತೆ ಅಳತೆ ಕೊಡಿ. ಅಡ್ಡಪಟ್ಟಿಯ ವೆನಿಷಿಯನ್ ಬ್ಲೈಂಡ್ ಮಾತ್ರ ಬೇಡ: ಎರೆ ಮಣ್ಣಿನ ಧೂಳು, ಹತ್ತಿಯ ನಾರು ಪ್ರತಿ ಪಟ್ಟಿಯ ಮೇಲೂ ಕೂತು, ಗಾಳಿ ಬಂದಾಗ ನೇರ ನಿಮ್ಮ ಬಿಳಿ ಬಟ್ಟೆಯ ಮೇಲೆ ಉದುರುತ್ತದೆ.