ಅಂಡಮಾನ್‌ನಲ್ಲಿ ಬೀಚ್ ಬಿಟ್ಟು ಸಾಹಸದ ಸುತ್ತಾಟ ಏನಿದೆ? ಹುಬ್ಬಳ್ಳಿಯಿಂದ ಐದು ದಿನಕ್ಕೆ ಹೊರಟವರಿಗೆ ಉತ್ತರ

ಮೊದಲು ಬಾರಾಟಾಂಗ್ ದ್ವೀಪ. ಪೋರ್ಟ್ ಬ್ಲೇರ್‌ನಿಂದ (ಈಗಿನ ಹೆಸರು ಶ್ರೀ ವಿಜಯಪುರಂ) ಸುಮಾರು 100 ಕಿ.ಮೀ. ದಾರಿ ಜಾರವಾ ಬುಡಕಟ್ಟಿನವರ ಮೀಸಲು ಕಾಡಿನೊಳಗೆ ಹಾಯುವುದರಿಂದ, ಜಿರ್ಕಾಟಾಂಗ್ ಚೆಕ್‌ಪೋಸ್ಟ್‌ನಿಂದ ವಾಹನಗಳನ್ನು ಸಾಲಾಗಿ, ನಿಗದಿತ ಹೊತ್ತಿಗೆ ಮಾತ್ರ ಬಿಡುತ್ತಾರೆ. ಬೆಳಗಿನ ಮೊದಲ ಸಾಲು ತಪ್ಪಿದರೆ ಅರ್ಧ ದಿನ ಹೋದಂತೆ. ನಸುಕಿನ 4 ಗಂಟೆಯೊಳಗೆ ಹೋಟೆಲ್ ಬಿಡಿ. ಆಧಾರ್ ಕಾರ್ಡ್ ಕೈಯಲ್ಲಿರಲಿ. ದಾರಿಯಲ್ಲಿ ಫೋಟೊ ತೆಗೆಯುವುದು, ಗಾಡಿ ನಿಲ್ಲಿಸುವುದು ಅಪರಾಧ. ಮುಂದೆ ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನ ಕಿರುಹಿನ್ನೀರಲ್ಲಿ ಸ್ಪೀಡ್‌ಬೋಟ್, ಆಮೇಲೆ ಒಂದೂವರೆ ಕಿ.ಮೀ.ನಷ್ಟು ನಡಿಗೆ, ಸುಣ್ಣಕಲ್ಲಿನ ಗುಹೆ. ಮೊಸಳೆಗಳಿವೆ, ನೀರಿಗೆ ಕೈ ಇಳಿಬಿಡಬೇಡಿ. ಗುಹೆಯ ಗೋಡೆ ಮುಟ್ಟಬೇಡಿ: ಕೈಯ ಜಿಡ್ಡು ಹತ್ತಿದ ಕಡೆ ಸುಣ್ಣ ಕೂಡುವುದು ನಿಲ್ಲುತ್ತದೆ. ಅಲ್ಲಿಯ ‘ಮಣ್ಣಿನ ಜ್ವಾಲಾಮುಖಿ’ಯ ಹೆಸರಷ್ಟೇ ದೊಡ್ಡದು, ನೋಡಲು ತಣ್ಣಗಿನ ಅಂಬಲಿಯಲ್ಲಿ ಗುಳ್ಳೆ ಎದ್ದಂತೆ.

ಹ್ಯಾವ್ಲಾಕ್ ದ್ವೀಪದ (ಈಗಿನ ಹೆಸರು ಸ್ವರಾಜ್ ದ್ವೀಪ) ಎಲಿಫೆಂಟ್ ಬೀಚ್‌ಗೆ ಬೋಟ್ ಬದಲು ಕಾಡುದಾರಿ ಹಿಡಿಯಬಹುದು. ಮಳೆಯಾಗಿದ್ದರೆ ನಮ್ಮ ಎರೆ ಹೊಲದಂತೆಯೇ ಬೂಟು ಹಿಡಿದೆಳೆಯುತ್ತದೆ. ಗಟ್ಟಿ ಪಟ್ಟಿಯ ಸ್ಯಾಂಡಲ್ ವಾಸಿ.

ಬಹಳ ಜನ ಎಡವುವುದು ಹೊತ್ತಿನ ಲೆಕ್ಕದಲ್ಲಿ. ಗಡಿಯಾರ ಒಂದೇ ಆದರೂ ಅಲ್ಲಿ ಸೂರ್ಯ ಹುಬ್ಬಳ್ಳಿಗಿಂತ ಸುಮಾರು 70 ನಿಮಿಷ ಮೊದಲೇ ಮೂಡುತ್ತಾನೆ. ಡಿಸೆಂಬರ್‌ನಲ್ಲಿ ಸಂಜೆ 5ಕ್ಕೇ ಕತ್ತಲು ಶುರು, ಮಧ್ಯಾಹ್ನ 3ರ ಮೇಲೆ ಯಾವ ಚಾರಣಕ್ಕೂ ಹೊರಡಬೇಡಿ.

ಸ್ಕೂಬಾ ಕೊನೆಯ ದಿನಕ್ಕೆ ಬೇಡ. ಡೈವ್ ಆಗಿ 18–24 ಗಂಟೆ ವಿಮಾನ ಹತ್ತಬಾರದು. ಹತ್ತಿದರೆ ಮೇಲಿನ ಕಡಿಮೆ ಒತ್ತಡಕ್ಕೆ ರಕ್ತದಲ್ಲಿ ಕರಗಿದ ಸಾರಜನಕ ಗುಳ್ಳೆಗಟ್ಟಬಹುದು.

732 ಮೀ. ಎತ್ತರದ ಸ್ಯಾಡಲ್ ಪೀಕ್ ಶಿಖರದ ಚಾರಣ ಐದು ದಿನದಲ್ಲಿ ಆಗದು. ಅದು ದೂರದ ದಿಗ್ಲಿಪುರದಲ್ಲಿದೆ, ಹೋಗಿಬರಲೇ ಎರಡು ದಿನ ಬೇಕು.