ಗೋಡೆ ಅಲ್ಲ ಮಾಸ್ತರ್ರೆ, ಒಪ್ಕೊಂಡೆ

ಕಾರವಾರದ ಕೋಡಿಬಾಗದಿಂದ ರಿಟೈರ್ಡ್ ಮಾಸ್ತರೊಬ್ರು ನಾಲ್ಕು ಪುಟದ ಪತ್ರ ಬರೆದಿದಾರೆ, ಹೆಸರು ಹಾಕ್ಬೇಡಿ ಅಂದಿದಾರೆ, ಹಾಕಲ್ಲ. ಪೂರ್ತಿ ಪತ್ರಕ್ಕೆ ಜಾಗ ಇಲ್ಲ, ತಿರುಳು ಇಷ್ಟು: ಹೋದ ಸಂಚಿಕೇಲಿ ನಾವು ಭಾರತದ ಫುಟ್ಬಾಲ್ ಟೀಮಿನ ಡಿಫೆಂಡರ್ ಸಂದೇಶ್ ಜಿಂಗನ್ ಬಗ್ಗೆ ಬರೆದು ‘ಭಾರತದ ಗೋಡೆ’ ಅಂತ ಹೆಡ್ಡಿಂಗ್ ಕೊಟ್ಟಿದ್ವಿ, ಅದು ಅವ್ರಿಗೆ ಸರಿ ಕಂಡಿಲ್ಲ. 2025ರ ಅಕ್ಟೋಬರ್ 14ಕ್ಕೆ ಹನ್ನೆರಡು ಜನ ಟೆಂಪೋ ಮಾಡ್ಕೊಂಡು ಗೋವಾದ ಫತೋರ್ಡಾಗೆ ಭಾರತ–ಸಿಂಗಾಪುರ ಮ್ಯಾಚ್ ನೋಡೋಕೆ ಹೋಗಿದ್ರಂತೆ, ಜಿಂಗನ್‌ನ ನೋಡ್ಲೇಬೇಕು ಅಂತ ಮೊಮ್ಮಗ ಹಟ ಮಾಡಿ ಬಂದಿದ್ದ, ಅಲ್ಲಿ ಹೋದ್ರೆ ಜಿಂಗನ್ನೇ ಇಲ್ಲ. ಐದು ದಿನ ಮೊದ್ಲು ಸಿಂಗಾಪುರದಲ್ಲಿ ರೆಡ್ ಕಾರ್ಡ್ ತಿಂದು ಸಸ್ಪೆಂಡ್ ಆಗಿದ್ದ. ಭಾರತ 2–1ಕ್ಕೆ ಸೋತು ಏಷ್ಯನ್ ಕಪ್ ಕನಸೇ ಮುಗೀತು, ಹುಡುಗ ಪೋಳೆಂ ಚೆಕ್‌ಪೋಸ್ಟ್ ದಾಟೋವರೆಗೂ ಒಂದು ಮಾತಾಡ್ಲಿಲ್ಲ. ಈಗ ಅದೇ ಹುಡುಗ ಜಿಂಗನ್ ಥರ ನೆಲಕ್ಕೆ ಜಾರಿ ಬಾಲ್ ಕಿತ್ಕೊಳ್ಳೋಕೆ ಹೋಗಿ ತೊಡೆ ತರಚ್ಕೊಂಡು ಬಂದಿದಾನೆ. ಪತ್ರದ ಕೊನೇ ಸಾಲಿಗೆ ಕೆಂಪು ಶಾಯೀಲಿ ಗೆರೆ ಬೇರೆ: ‘ಜಾರಿ ಟ್ಯಾಕಲ್ ಮಾಡೋ ಬ್ಯಾಕ್ ಅಂದ್ರೆ ತಡವಾಗಿ ಬಂದ ಬ್ಯಾಕ್. ಬರೆಯೋದಾದ್ರೆ ಇಟಲಿಯ ಮಾಲ್ಡೀನಿ ಬಗ್ಗೆ ಬರೀರಿ.’

ಮಾಸ್ತರ್ರೆ, ನಮಸ್ಕಾರ. ಮೊದ್ಲು ಒಪ್ಕೊಳ್ಳೋದೆಲ್ಲ ಒಪ್ಕೊಂಡು ಬಿಡ್ತೀನಿ, ಆಮೇಲೆ ಜಗಳ ಆಡೋಣ.

ಆ ಕಾರ್ಡಿಗೆ ನನ್ನ ಹತ್ರ ಸಮಜಾಯಿಷಿ ಇಲ್ಲ. ಒಂದು ಯೆಲ್ಲೋ ಇಟ್ಕೊಂಡಿರೋನು, ಹತ್ತು ವರ್ಷದಿಂದ ದೇಶಕ್ಕೆ ಆಡ್ತಿರೋನು, ಸೆಕೆಂಡ್ ಹಾಫ್ ಶುರುವಾಗಿ ಎರಡೇ ನಿಮಿಷಕ್ಕೆ, 47ನೇ ನಿಮಿಷದಲ್ಲಿ ಇನ್ನೊಂದು ತಗೊಂಡ, ಎರಡು ಯೆಲ್ಲೋ ಅಂದ್ರೆ ರೆಡ್. ಉಳಿದ ಹತ್ತು ಜನ ನಾಲಿಗೆ ಹೊರಗೆ ಬರೋ ಥರ ಓಡಿ 90ನೇ ನಿಮಿಷದಲ್ಲಿ ರಹೀಮ್ ಅಲಿ ಗೋಲ್‌ನಿಂದ 1–1 ಮಾಡ್ಕೊಂಡ್ರು ಅನ್ನೋದು ಬೇರೆ ಮಾತು. ಫತೋರ್ಡಾದಲ್ಲೂ ಛಾಂಗ್ಟೆ ಮೊದ್ಲು ಗೋಲ್ ಹೊಡ್ದಿದ್ದ, ಲೀಡ್ ನಮ್ಮದೇ ಇತ್ತು, ಹಾಫ್ ಟೈಮ್ ಆಗೋಕೆ ಒಂದು ನಿಮಿಷ ಇದೆ ಅನ್ನೋವಾಗ ಒಂದು, ಆಮೇಲೆ ಇನ್ನೊಂದು, ಎರಡೂ ಸಿಂಗಾಪುರದ ಸಾಂಗ್ ಉಯ್ ಯಂಗ್ ಒಬ್ಬನೇ ಹೊಡ್ದ. ಜಿಂಗನ್ ಇದ್ದಿದ್ರೆ ಅದು ತಪ್ತಿತ್ತಾ ಅಂತ ಯಾರೂ ಹೇಳೋಕಾಗಲ್ಲ, ಆದ್ರೆ ಇರ್ಬೇಕಿತ್ತು, ಅಲ್ಲಿಗೆ ನೀವೇ ಗೆದ್ರಿ.

ಹೆಡ್ಡಿಂಗೂ ನನ್ನ ತಪ್ಪೇ. ರಾತ್ರಿ ಹನ್ನೊಂದಕ್ಕೆ ಪೇಜ್ ಪ್ರೆಸ್ಸಿಗೆ ಬಿಡ್ಬೇಕು, ತಲೆ ಓಡಲ್ಲ, ಕೈಗೆ ಸಿಕ್ಕಿದ ಪದ ಹಾಕ್ಬಿಡ್ತೀವಿ. ನಮ್ಮ ರಾಜ್ಯದಲ್ಲಿ ಗೋಡೆ ಅಂದ್ರೆ ಒಬ್ಬರೇ, ಅದು ದ್ರಾವಿಡ್, ಆ ಹೆಸರನ್ನ ಫುಟ್ಬಾಲಿಗೆ ಎಳ್ಕೊಂಡು ಬಂದಿದ್ದೇ ಒಂದು ಸೋಮಾರಿತನ. ಅದಕ್ಕಿಂತ ಮುಖ್ಯ, ಗೋಡೆ ನಿಂತಲ್ಲೇ ನಿಂತಿರತ್ತೆ. ಸ್ಟಾಪರ್, ಅಂದ್ರೆ ಗೋಲ್ ಮುಂದೆ ನಡುವಿನ ಬ್ಯಾಕ್ ಆಡೋನು ನಿಂತಲ್ಲೇ ನಿಂತ್ರೆ ಕಥೆ ಮುಗೀತು. ನಿಮಗೆ ಗೊತ್ತಿರೋ ಉದಾಹರಣೆನೇ ಕೊಡ್ತೀನಿ, ಸಣ್ಣವ್ರಿದ್ದಾಗ ನೀವೂ ಎಳೆದಿರ್ತೀರಿ: ರಂಪಣಿ. ದೋಣಿ ಹೋಗಿ ಅರ್ಧ ಚಂದ್ರಾಕಾರ ಬಲೆ ಬಿಟ್ಟು ಬರತ್ತೆ, ಎರಡೂ ತುದೀಲಿ ಜನ ಸಾಲಾಗಿ ನಿಂತು ಎಳೀತಾರೆ, ಒಂದು ಕಡೆಯವ್ರು ನಾಲ್ಕು ಹೆಜ್ಜೆ ಹಿಂದೆ ಬಿದ್ರೋ ಬಂಗ್ಡೆ ಪೂರಾ ಆ ಕಡೆಯಿಂದ ಹೊರಗೆ. ಬ್ಯಾಕ್ ಲೈನ್ ಅಂದ್ರೆ ಅದೇ. ನಾಲ್ಕು ಜನ ಒಟ್ಟಿಗೆ ಮೇಲೆ ಬರ್ಬೇಕು ಒಟ್ಟಿಗೆ ಇಳೀಬೇಕು, ಒಬ್ಬ ಹಿಂದೆ ಉಳಿದ್ರೆ ಗೋಲ್ ಕಡೆ ದಾರಿ ಬಿಟ್ಟ ಹಾಗೆ, ಎದುರಾಳಿ ಫಾರ್ವರ್ಡ್ ಆನ್‌ಸೈಡ್. ಅಲ್ಲಿ ಕೂಗೋಕೆ ಒಬ್ಬ ಬೇಕು. ದಡದಲ್ಲಿ ಎಳೆಯೋವಾಗಲೂ ಒಬ್ಬ ಕೂಗೋನು ಇರ್ತಿದ್ನಲ್ಲ, ಹಗ್ಗ ಎಳೆಯೋದಕ್ಕಿಂತ ಬಾಯಿ ಮಾಡೋದೇ ಜಾಸ್ತಿ, ಆದ್ರೆ ಅವ ಸುಮ್ಮನಾದ್ರೆ ಬಲೆ ಸೊಟ್ಟ.

ಜಿಂಗನ್ ಆ ಕೂಗೋನು. ನೀವು ‘ಬರೀ ಕಿರುಚ್ತಾನೆ’ ಅಂತ ಬೈದಿದೀರಲ್ಲ, ಅದೇ ಕಿರುಚಾಟದ ಬಗ್ಗೆ ನಾನು ಹೇಳ್ತಿರೋದು. ಒಂದ್ಸಲ ಫತೋರ್ಡಾದಲ್ಲಿ ಗೋವಾ ಮ್ಯಾಚಿಗೆ ಗೋಲ್ ಹಿಂದಿನ ಸ್ಟ್ಯಾಂಡಲ್ಲಿ ಕೂತಿದ್ದೆ, ಬಾಲ್ ನೋಡೋದು ಬಿಟ್ಟು ಹತ್ತು ನಿಮಿಷ ಅವನೊಬ್ಬನ್ನೇ ನೋಡ್ದೆ. ಬಾಲ್ ಆ ಕಡೆ ಕಾರ್ನರ್ ಹತ್ರ ಇದೆ, ಇವ ಈ ಕಡೆ ಎರಡು ಸೆಕೆಂಡಿಗೊಮ್ಮೆ ಕುತ್ತಿಗೆ ತಿರುಗಿಸಿ ಬೆನ್ನ ಹಿಂದೆ ಯಾರಿದಾರೆ ನೋಡ್ತಾನೆ, ಎಡಗೈ ಹಿಂದಕ್ಕೆ ಚಾಚಿ ಸ್ಟ್ರೈಕರ್‌ನ ಮುಟ್ಟಿ ನೋಡ್ತಾನೆ, ಕತ್ತಲಲ್ಲಿ ನಾವು ಸ್ವಿಚ್ ಹುಡುಕ್ತೀವಲ್ಲ ಹಾಗೆ, ಬಲಗೈಯಿಂದ ಸೈಡಲ್ಲಿ ಆಡೋ ಫುಲ್‌ಬ್ಯಾಕಿಗೆ ಒಳಗೆ ಬಾ ಅಂತಾನೆ. ಕ್ರಾಸ್ ಬಂತು, ಆ ಜಾಗಕ್ಕೆ ಮೊದ್ಲೇ ಹೋಗಿ ನಿಂತಿದ್ದ, ತಲೆ ಕೊಟ್ಟ, ಬಾಲ್ ಥ್ರೋ ಇನ್‌ಗೆ ಹೋಯ್ತು. ಪಕ್ಕದವ್ರು ಮೊಬೈಲ್ ನೋಡ್ತಿದ್ರು. ಟಿವೀಲಿ ಇದು ಕಾಣಲ್ಲ, ಕ್ಯಾಮೆರಾ ಬಾಲ್ ಹಿಂದೆ ಓಡತ್ತೆ. ಹಾಗಾಗಿ ನಮಗೆ ನೆನಪಿರೋದು ಅವ ಜಾರಿದ್ದು ಮಾತ್ರ.

ಈಗ ನಿಮ್ಮ ಮಾಲ್ಡೀನಿ. ‘ಟ್ಯಾಕಲ್ ಮಾಡ್ಬೇಕಾಗಿ ಬಂತು ಅಂದ್ರೆ ನಾನಾಗಲೇ ತಪ್ಪು ಮಾಡಿದೀನಿ ಅಂತ’ ಅನ್ನೋ ಅವನ ಮಾತನ್ನ ನೀವೂ ಬರೆದಿದೀರಿ, ಎಲ್ಲರೂ ಹೇಳ್ತಾರೆ. ಮಾಲ್ಡೀನಿ ದೊಡ್ಡವನಾ? ಪ್ರಶ್ನೇನೇ ಇಲ್ಲ. 1985ರ ಜನವರೀಲಿ 16ನೇ ವಯಸ್ಸಿಗೆ ಎಸಿ ಮಿಲಾನ್‌ಗೆ ಇಳಿದು 2009ರವರೆಗೆ ಒಂದೇ ಕ್ಲಬ್ಬು, 902 ಮ್ಯಾಚು, ಐದು ಸಲ ಯುರೋಪಿಯನ್ ಕಪ್. ಬಲಗಾಲಿನವನು ಎಡಗಡೆ ಬ್ಯಾಕಾಗಿ ಆಡಿದ, ಎರಡೂ ಕಾಲು ಒಂದೇ ಅನ್ನೋ ಹಾಗೆ. ಆದ್ರೆ ಮಾಸ್ತರ್ರೆ, ಅವನ ಅಕ್ಕಪಕ್ಕ ಯಾರಿದ್ರು ನೋಡಿ. ಬರೇಸಿ, ಕೋಸ್ಟಾಕುರ್ಟಾ, ತಸ್ಸೋತ್ತಿ. ಮೇಲೆ ಅರ್ರಿಗೊ ಸಾಕ್ಕಿ ಅನ್ನೋ ಕೋಚು, ಡಿಫೆನ್ಸ್‌ನಿಂದ ಫಾರ್ವರ್ಡ್‌ವರೆಗೆ ಇಡೀ ಟೀಮು ಸುಮಾರು 25 ಮೀಟರ್ ಒಳಗೆ ಇರ್ಬೇಕು ಅಂತ ಹಟ ಹಿಡಿದವನು. ಅಂಥಾ ಬಲೇಲಿ ಬ್ಯಾಕ್ ಹತ್ರ ಬರೋ ಬಾಲು ಆಗಲೇ ಅರ್ಧ ಸತ್ತಿರತ್ತೆ. 1994ರ ಯುರೋಪಿಯನ್ ಕಪ್ ಫೈನಲ್‌ಗೆ ಬರೇಸಿ ಕೋಸ್ಟಾಕುರ್ಟಾ ಇಬ್ರೂ ಸಸ್ಪೆಂಡ್ ಆಗಿದ್ರು, ಮಾಲ್ಡೀನಿ ನಡುವೆ ಬಂದು ಸ್ಟಾಪರ್ ಆಡಿದ, ಬಾರ್ಸಿಲೋನಾಗೆ ಒಂದೂ ಗೋಲ್ ಬಿಡದೆ 4–0 ಗೆದ್ರು, ಸಸ್ಪೆಂಡ್ ಆದೋರು ಇಬ್ರು ಹೋದ್ರೂ ಬಲೆ ಹರೀಲಿಲ್ಲ. ಮತ್ತೆ ಅವನೇನೂ ಜಾರ್ತಾನೇ ಇರ್ಲಿಲ್ಲ ಅಂದ್ಕೋಬೇಡಿ, ಹಳೇ ವಿಡಿಯೋ ನೋಡಿ, ಜಾರಿದ್ರೆ ಬಾಲ್ ಎತ್ಕೊಂಡೇ ಏಳ್ತಿದ್ದ.

ಜಿಂಗನ್ ಬೆಳೆದಿದ್ದು ಬೇರೆ ನೀರಲ್ಲಿ. ಚಂಡೀಗಢದ ಸೇಂಟ್ ಸ್ಟೀಫನ್ಸ್ ಅಕಾಡೆಮಿ, ಗೋಲ್‌ಕೀಪರ್ ಗುರ್ಪ್ರೀತ್ ಕೂಡ ಅಲ್ಲೀವನೇ, ಅಲ್ಲಿಂದ ಭಾರತದ ಹಳೇ ಕ್ಯಾಪ್ಟನ್ ಭೂಟಿಯಾ ಅವ್ರ ಯುನೈಟೆಡ್ ಸಿಕ್ಕಿಂ, ಆ ಕ್ಲಬ್ಬು ಹೆಚ್ಚು ದಿನ ಬಾಳ್ಲಿಲ್ಲ. 2014ರಲ್ಲಿ ಐಎಸ್ಎಲ್ (ಇಂಡಿಯನ್ ಸೂಪರ್ ಲೀಗ್) ಶುರುವಾದಾಗ ಕೇರಳ ಬ್ಲಾಸ್ಟರ್ಸ್, ಮೊದಲ್ನೇ ಸೀಸನ್ನಲ್ಲೇ ಎಮರ್ಜಿಂಗ್ ಪ್ಲೇಯರ್ ಪ್ರಶಸ್ತಿ. 2016ರಲ್ಲಿ ಅವನನ್ನ ರೈಟ್‌ಬ್ಯಾಕ್ ಆಡ್ಸಿದ್ರು, ನಡುವೆ ಆರನ್ ಹ್ಯೂಸ್ ಇದ್ದ. ಈ ಹ್ಯೂಸ್ ಯಾರು ಗೊತ್ತಾ? ಇಂಗ್ಲೆಂಡ್ ಪ್ರೀಮಿಯರ್ ಲೀಗಲ್ಲಿ 450ಕ್ಕೂ ಹೆಚ್ಚು ಮ್ಯಾಚ್ ಆಡಿ ಒಂದೇ ಒಂದು ರೆಡ್ ಕಾರ್ಡ್ ತಿನ್ನದ ಬ್ಯಾಕ್! ನೀವು ಹೇಳೋ ಥರದ ಮನುಷ್ಯನೇ, ಬಟ್ಟೆ ಕೊಳೆ ಮಾಡ್ಕೊಳ್ಳದೆ ಕೆಲ್ಸ ಮುಗಿಸೋನು. ಅವನ ಪಕ್ಕದಲ್ಲೇ ಒಂದು ಸೀಸನ್ ಆಡಿ ಜಿಂಗನ್ ಕಾರ್ಡ್ ತಿನ್ನೋದು ಮಾತ್ರ ಬಿಡ್ಲಿಲ್ಲ, ಸ್ವಭಾವ ಅನ್ನೋದು ಹಾಗೇ. ಮುಂದೆ ಕ್ಯಾಪ್ಟನ್ ಆದ, 2020ರಲ್ಲಿ ಬಿಟ್ಟಾಗ ಅವನ 21ನೇ ನಂಬರ್ ಜರ್ಸಿ ರಿಟೈರ್ ಮಾಡ್ತೀವಿ ಅಂತ ಕ್ಲಬ್ ಹೇಳ್ತು. ಅದೇ ವರ್ಷ ಅರ್ಜುನ ಪ್ರಶಸ್ತಿ. ಮುಂದೆ ಕೋಲ್ಕತ್ತಾದ ಕ್ಲಬ್ಬು, ಆಮೇಲೆ ಕ್ರೊಯೇಷಿಯಾದ ಶಿಬೆನಿಕ್, ಅಲ್ಲಿ ಪೆಟ್ಟು ಮಾಡ್ಕೊಂಡು ಒಂದೂ ಮ್ಯಾಚ್ ಆಡದೆ ವಾಪಸ್. 2022–23 ನಮ್ಮ ಬೆಂಗಳೂರು ಕ್ಲಬ್ಬಿಗೆ, ಡ್ಯುರಾಂಡ್ ಕಪ್ ಬಂತು, ಐಎಸ್ಎಲ್ ಫೈನಲ್ ಇದೇ ಫತೋರ್ಡಾದಲ್ಲಿ ಪೆನಾಲ್ಟೀಲಿ ಹೋಯ್ತು, ಆವತ್ತು ಕಾಳಿ ಸೇತುವೆ ಮೇಲೆ ಕೆಎ ನಂಬರಿನ ಗಾಡಿಗಳ ಸಾಲು ನೋಡ್ಬೇಕಿತ್ತು (ಆಗ ಹಳೇ ಸೇತುವೆನೂ ಇತ್ತು, ಅದು ಬಿದ್ದಿದ್ದು 2024ರ ಆಗಸ್ಟಲ್ಲಿ). 2023ರಲ್ಲಿ ಗೋವಾ ಕ್ಲಬ್ ಸೇರಿದ.

ಈಗ ನನ್ನ ಜಗಳದ ಪಾಯಿಂಟು. 2019ರ ಸೆಪ್ಟೆಂಬರ್ 10, ದೋಹಾ, ವರ್ಲ್ಡ್ ಕಪ್ ಕ್ವಾಲಿಫೈಯರ್. ಎದುರಿಗೆ ಕತಾರ್, ಅದೇ ವರ್ಷ ಏಷ್ಯನ್ ಕಪ್ ಗೆದ್ದ ಟೀಮು, ನಮ್ಮಲ್ಲಿ ಕ್ಯಾಪ್ಟನ್ ಛೆಟ್ರಿ ಇಲ್ಲ. ಕತಾರ್ ಇಪ್ಪತ್ತಕ್ಕೂ ಜಾಸ್ತಿ ಶಾಟ್ ಹೊಡೀತು. ಗೋಲಲ್ಲಿ ಗುರ್ಪ್ರೀತ್, ಮುಂದೆ ಜಿಂಗನ್ ಮತ್ತೆ ಗೋವಾದ ಆದಿಲ್ ಖಾನ್, 90 ನಿಮಿಷ ತಲೆ ಕೊಟ್ರು ಎದೆ ಕೊಟ್ರು ಜಾರಿದ್ರು, ಸ್ಕೋರು 0–0. ಇಲ್ಲಿ ಜಾರಿದ್ದು ತಡವಾಗಿ ಬಂದಿದ್ದಕ್ಕಲ್ಲ ಮಾಸ್ತರ್ರೆ. ಮಿಡ್‌ಫೀಲ್ಡಲ್ಲಿ ಬಾಲ್ ನಿಲ್ತಾನೇ ಇಲ್ಲ, ಹೋದ ಬಾಲ್ ಐದು ಸೆಕೆಂಡಲ್ಲಿ ವಾಪಸ್ ಬರ್ತಿದೆ, ಮುಂದಿನವ್ರು ಬಿಟ್ಟಿದ್ದನ್ನ ಹಿಂದಿನವ ಮೈಯಲ್ಲಿ ತಡೀಬೇಕು. ಹರಿದ ಬಲೇಲಿ ಮೀನು ಹೋಗೋ ಜಾಗಕ್ಕೆ ಕೈ ಅಡ್ಡ ಇಟ್ಟ ಹಾಗೆ. ಐದು ವಾರ ಆದ್ಮೇಲೆ ಕೋಲ್ಕತ್ತಾದಲ್ಲಿ ಬಾಂಗ್ಲಾದೇಶ, ಜಿಂಗನ್ ಮೊಣಕಾಲು ಪೆಟ್ಟಾಗಿ ಹೊರಗೆ. ಕತಾರ್‌ಗೆ ಏನೂ ಕೊಡದ ಟೀಮು ಒಂದು ಫ್ರೀ ಕಿಕ್ಕಿಗೆ ಹೆಡರ್ ಗೋಲ್ ತಿಂತು, ಕೊನೇಗೆ ಆದಿಲ್ ಖಾನೇ ಹೋಗಿ ತಲೇಲಿ ಹೊಡ್ದು 1–1. ಗುರ್ಪ್ರೀತ್ ಹೊರಗೆ ಬಂದಿದ್ದೂ ತಪ್ಪೇ, ಪೂರ್ತಿ ಜಿಂಗನ್ ಇಲ್ಲದ್ದಕ್ಕೆ ಅಂತ ಹೇಳಲ್ಲ. ಆದ್ರೆ ಫ್ರೀ ಕಿಕ್ ಹೊತ್ತಲ್ಲಿ ಆ ಬಾಯಿ ಇರ್ಲಿಲ್ಲ.

ಮೊಣಕಾಲಿನ ಮಾತು ಬಂತಲ್ಲ, ಆ ಸಲ ಪೂರ್ತಿ ಸೀಸನ್ ಹೋಯ್ತು. 2024ರ ಜನವರೀಲಿ ಏಷ್ಯನ್ ಕಪ್ಪಲ್ಲಿ ಸಿರಿಯಾ ವಿರುದ್ಧ ಆಡ್ತಾ ಮತ್ತೆ ಮೊಣಕಾಲು, ಮತ್ತೆ ಸೀಸನ್ ಖಲಾಸ್. ಎರಡು ಸಲ ಹೀಗಾಗಿ ಎದ್ದು ಬಂದವ್ರು ಕಡಿಮೆ.

ಅವನಿಗೂ ಬಲೆ ಸರಿಯಾಗಿ ಸಿಕ್ಕಿದ್ದು 2023ರಲ್ಲಿ. ಪಕ್ಕದಲ್ಲಿ ಅನ್ವರ್ ಅಲಿ, ಕಾಲಲ್ಲಿ ಬಾಲ್ ಇಟ್ಕೊಂಡು ಆಡೋ ಹುಡುಗ, ಪಾಸ್ ಜವಾಬ್ದಾರಿ ಅವನು ನೋಡ್ಕೊಂಡ. ಭುವನೇಶ್ವರದ ಇಂಟರ್‌ಕಾಂಟಿನೆಂಟಲ್ ಕಪ್ಪಲ್ಲಿ ನಾಲ್ಕು ಮ್ಯಾಚು, ತಿಂದ ಗೋಲು ಸೊನ್ನೆ. ಆ ಮ್ಯಾಚುಗಳಲ್ಲಿ ಜಿಂಗನ್ ಎಷ್ಟು ಕಡಿಮೆ ಜಾರಿದಾನೆ ನೋಡಿ, ನಿಮಗೇ ಇಷ್ಟ ಆಗತ್ತೆ.

ಅವನ ಕುಂದು ಇಲ್ಲ ಅಂತಲ್ಲ. ಉದ್ದ ಪಾಸು ಅಷ್ಟಕ್ಕಷ್ಟೆ, ಎದುರಾಳಿ ಮೈಮೇಲೆ ಬಂದ್ರೆ ಬಾಲ್ ಎತ್ತಿ ಹೊಡ್ದು ಬಿಡ್ತಾನೆ, ತನ್ನ ಜಾಗ ಬಿಟ್ಟು ಸ್ಟ್ರೈಕರ್ ಮೇಲೆ ಏರಿ ಹೋಗೋ ಚಟಕ್ಕೆ ಬೆನ್ನ ಹಿಂದೆ ಹೊಂಡ ಬೀಳತ್ತೆ. 2022ರಲ್ಲಿ ಒಂದು ಮ್ಯಾಚ್ ಮುಗಿದ ಮೇಲೆ ಹೆಂಗಸರನ್ನ ಹಗುರ ಮಾಡೋ ಮಾತಾಡಿ ಕ್ಷಮೆ ಕೇಳಿದ, ನೀವು ಅದನ್ನೂ ಎತ್ತಿದೀರಿ, ಸರಿ ಮಾಡಿದ್ರಿ, ಅಲ್ಲಿ ಅವನ ಪರ ನಾನು ಡಿಫೆಂಡ್ ಮಾಡಲ್ಲ.

ಇನ್ನು ಮೊಮ್ಮಗ. ಮಾರಾಯ್ರೆ, ಜಿಂಗನ್ ಜಾರೋದು ನೀರು ಬಿಟ್ಟ ಹುಲ್ಲಿನ ಮೇಲೆ, ನಮ್ಮ ಹುಡುಗ್ರು ಜಾರೋದು ಚಿರೆಕಲ್ಲು ಪುಡಿ ಎದ್ದ ಕೆಂಪು ಮಣ್ಣಿನ ಮೇಲೆ. ಪೆಟ್ಟಾಗ್ದೆ ಇರತ್ತಾ! ಜಾರ್ಲೇಬೇಕು ಅಂತ ಆಸೆ ಇದ್ರೆ ಸಂಜೆ ಟಾಗೋರ್ ಬೀಚಿಗೆ ಕರ್ಕೊಂಡು ಹೋಗಿ, ನೀರು ಇಳಿದ ಜಾಗದ ಒದ್ದೆ ಮರಳಲ್ಲಿ ಎಷ್ಟು ಬೇಕಾದ್ರೂ ಜಾರ್ಲಿ. ಮೈದಾನದಲ್ಲಿ ಮಾತ್ರ ಒಂದು ಅಭ್ಯಾಸ ಮಾಡ್ಸಿ: ಎದುರಿಗೆ ಬಾಲ್ ತರೋನ ಮುಂದೆ ಅಡ್ಡಾದಿಡ್ಡಿ ಕಾಲು ಹಾಕದೆ, ಒಂದು ಕೈಯಳತೆ ದೂರದಲ್ಲಿ, ಮೈ ಸ್ವಲ್ಪ ಓರೆ ಮಾಡಿ, ಮೊಣಕಾಲು ಬಗ್ಗಿಸಿ ಹಿಂದೆ ಹಿಂದೆ ಹೋಗೋದು, ಅವನನ್ನ ಸೈಡ್ ಲೈನ್ ಕಡೆ ತಳ್ತಾ ಹೋಗೋದು. ಕಬಡ್ಡೀಲಿ ಕಾರ್ನರ್ ನಿಂತವ ರೈಡರ್ ಕಾಲು ಎತ್ತೋವರೆಗೆ ಕಾಯ್ತಾನಲ್ಲ, ಹಾಗೆ. ಬಾಲ್ ಅವನ ಕಾಲಿಂದ ಒಂದಡಿ ಮುಂದೆ ಹೋದ ಕ್ಷಣ ಕಾಲು ಹಾಕು ಅನ್ನಿ. ಈ ಪಾಠದಲ್ಲಿ ನಿಮ್ಮ ಮಾಲ್ಡೀನೀನೇ ಗುರು, ಜಿಂಗನ್ ಅಲ್ಲ, ಖುಷಿನಾ?

ಮತ್ತೆ ಆವತ್ತು ನೀವು ಕೂತಿದ್ದು ಸೈಡ್ ಸ್ಟ್ಯಾಂಡಲ್ಲಿ ಅಂತ ಬರೆದಿದೀರಿ. ಮುಂದಿನ ಸಲ ಗೋಲ್ ಹಿಂದಿನ ಟಿಕೆಟ್ ತಗೊಳ್ಳಿ, ಅಲ್ಲಿಂದಲೇ ಲೈನ್ ಕಾಣೋದು. ನಿಮ್ಮ ಟೆಂಪೋದಲ್ಲಿ ಹನ್ನೆರಡರ ಜೊತೆ ಹದಿಮೂರನೇ ಸೀಟ್ ಆಗೋದಾದ್ರೆ ಹೇಳಿ, ಡೀಸೆಲಿಗೆ ನನ್ನ ಪಾಲು ಕೊಡ್ತೀನಿ, ಮೊಮ್ಮಗನ ಪಕ್ಕ ಕೂರ್ತೀನಿ. ಹೊರಡೋ ಮುಂಚೆ ಯಾರಿಗೆ ಸಸ್ಪೆನ್ಶನ್ ಇದೆ ಅಂತ ನೋಡೋ ಕೆಲ್ಸಾನೂ ನಂದೇ.

— ಸಂ.